ಹಂಡೆಯ ಒಲೆಗೆ ಹೋದ ಕಾವು

ಆ ಕಾವನ್ನು ಸುಟ್ಟವನು ನಾನೇ. ಕೊನೆಗೆ ಹೇಳಿ ಬೈಸಿಕೊಳ್ಳುವುದಕ್ಕಿಂತ ಮೊದಲೇ ಹೇಳಿ ಬೈಸಿಕೊಳ್ಳುವುದು ಲೇಸು. ಕಾವು ಅಂದರೆ ಸುತ್ತಿಗೆಗೆ ಹಾಕುವ ಮರದ ಹಿಡಿಕೆ. ಚಳಿಗೆ ನಡುಗುತ್ತ ಸುಟ್ಟೆನೇ, ಸಿಟ್ಟಿನಲ್ಲಿ ಸುಟ್ಟೆನೇ ಎಂದು ಕೇಳಿದರೆ ಅದೂ ಅಲ್ಲ. ಸ್ನಾನದ ನೀರು ಕಾಯಿಸಲು ಸುಟ್ಟೆ. ಅದೂ ನನ್ನ ಸ್ನಾನಕ್ಕೆ. ವಾರಕ್ಕೆ ಎರಡನೆಯ ಸಲ ನಾನು ಬಚ್ಚಲಿಗೆ ಹೋದರೆ ಅವ್ವ ಹೊರಗೆ ಬಂದು ಮೋಡ ಕವಿದಿದೆಯೇ ಎಂದು ನೋಡುತ್ತಿದ್ದಳು.

ಆಗ ನನಗೆ ಇಪ್ಪತ್ತೊಂದು ವರ್ಷ. ಪಿಯುಸಿಯಲ್ಲಿ ಎರಡು ಸಲ ಢುಮಕಿ ಹೊಡೆದು ಶಹಾಬಾದಿನ ಒಂದು ಫರ್ಸಿ, ಅಂದರೆ ಹಾಸುಗಲ್ಲಿನ, ಪಾಲಿಶ್ ಕಾರ್ಖಾನೆಯಲ್ಲಿ ಕಲ್ಲಿನ ಉದ್ದಗಲ ಬರೆದುಕೊಳ್ಳುವ ಕೆಲಸಕ್ಕೆ ಸೇರಿದ್ದೆ. ರಾಜ್ಯದ ಹೆಸರು ಮೈಸೂರು ಹೋಗಿ ಕರ್ನಾಟಕವಾಗಿ ಕೆಲವು ದಿನವಾಗಿದ್ದರೂ ನಮ್ಮ ಕಚೇರಿಯ ರಬ್ಬರ್ ಮೊಹರು ಇನ್ನೂ ಮೈಸೂರಿನಲ್ಲೇ ಇತ್ತು. ದಿನಕ್ಕೆ ನೂರು ಸಲ ‘ಎರಡೂವರೆ ಬೈ ಒಂದೂವರೆ’ ಎಂದು ಬರೆಯುವುದು, ನಡುನಡುವೆ ಮಾಲೀಕರ ದನಿಯ ನಕಲು ಮಾಡುವುದು. ಬಾಯಿತುಂಬ ಪಾನ್ ಇಟ್ಟುಕೊಂಡು ಅವರು ಬೈದರೆ ಮಾತು ಯಾವುದು, ಉಗುಳು ಯಾವುದು ತಿಳಿಯುತ್ತಿರಲಿಲ್ಲ. ನಾನು ಎರಡನ್ನೂ ಮಾಡಿ ತೋರಿಸುತ್ತಿದ್ದೆ. ಲಾರಿಯವರ ಕೆಮ್ಮು, ಪೋಸ್ಟ್ ಮಾಸ್ತರರ ಸೀನು, ನಮ್ಮಪ್ಪ ನನ್ನ ರಿಸಲ್ಟ್ ಓದಿದ ದನಿ, ಅದಕ್ಕೆ ನಾನು ಅತ್ತ ದನಿ, ಇವೆಲ್ಲ ನನ್ನ ಬತ್ತಳಿಕೆಯಲ್ಲಿದ್ದವು. ಹೋಟೆಲಿನಲ್ಲಿ ಚಹಾ ಪುಕ್ಕಟೆ ಸಿಗುತ್ತಿತ್ತು. ಇದಕ್ಕಿಂತ ದೊಡ್ಡ ಯೋಗ್ಯತೆ ಬೇಕು ಅಂತ ನನಗೆ ಅನ್ನಿಸಿರಲಿಲ್ಲ.

ಹಳೇ ಹತ್ಯಾರಗಳ, ಸುತ್ತಿಗೆ ಹಾರೆಗಳ ಹುಚ್ಚು ಹಿಡಿದದ್ದು ವಾಡಿಯಲ್ಲಿ. ಸ್ಟೇಶನ್ನಿನ ಹಿಂದೆ ಒಬ್ಬ ಚಾಚಾನ ಮೋಡಕಾ ಅಂಗಡಿ, ಅಂದರೆ ಹಳೇ ಕಬ್ಬಿಣ ಕೊಳ್ಳುವ ಜಾಗ. ಕಲ್ಲು ಕೊರೆಯಲು ಕರೆಂಟಿನ ಗರಗಸ ಬಂದಮೇಲೆ ಸುತ್ತಲಿನ ಗಣಿಗಳಿಂದ ಸುತ್ತಿಗೆ, ಹಾರೆ, ಚಾಣಗಳು ಗೋಣಿಚೀಲದಲ್ಲಿ ಬಂದು ಅಲ್ಲಿ ರಾಶಿ ಬೀಳುತ್ತಿದ್ದವು. ಒಂದು ದಿನ ಸುಮ್ಮನೆ ಒಂದು ಬಾಚಿಯನ್ನು ಎತ್ತಿ ಉಗುರಿನಿಂದ ಹೊಡೆದೆ. ಟಣ್ಣ್ ಎಂದಿತು. ಪಕ್ಕದ್ದನ್ನು ಹೊಡೆದರೆ ಟಪ್ ಎಂದಿತು. ಎರಡು ದನಿಯನ್ನೂ ಬಾಯಲ್ಲಿ ಮಾಡಿದೆ. ಚಾಚಾ ಬೀಡಿ ಬಾಯಿಂದ ತೆಗೆದು ನೋಡಿದ. “ಅರೇ, ಈ ಪೋರ ಕಬ್ಬಣದ್ದೂ ನಕಲ ಮಾಡ್ತದಲ್ಲೋ” ಎಂದ. ಅಷ್ಟು ಸಾಕಾಯಿತು. ಹೊಗಳಿದವರ ಅಂಗಡಿಗೆ ಮತ್ತೆ ಹೋಗದಿರುವ ಜಾತಿಯಲ್ಲ ನಾನು.

ಅಲ್ಲಿಂದ ಪ್ರತಿ ಭಾನುವಾರ ವಾಡಿ. ಸಿಕ್ಕಿದ್ದನ್ನು ತರುವುದು, ಯಾವ ಊರಿನ ಕಂಬಾರ ಮಾಡಿದ್ದು ಎಂದು ಗುರುತು ಹಿಡಿಯುವುದು. ಕಂಬಾರರು ಕಬ್ಬಿಣ ಕೆಂಪಗಿರುವಾಗಲೇ ತಮ್ಮ ಗುರುತನ್ನು ಒತ್ತುತ್ತಾರೆ. ಕುರಕುಂಟಾದವನದು ಮೂರು ಚುಕ್ಕೆ. ಸೇಡಂನ ಒಂದು ಮನೆಯವರದು ಅರ್ಧ ಚಂದ್ರ. ಚಿತ್ತಾಪುರದ ಕಡೆಯದು ಗುಣಿಸುವ ಚಿಹ್ನೆಯ ಹಾಗೆ ಎರಡು ಗೀಟು. ಇವನ್ನೆಲ್ಲ ಸೈಕಲ್ ತುಳಿದು ಊರೂರು ಕೇಳಿ ತಿಳಿದದ್ದು, ಸುಳ್ಳಲ್ಲ. ಒಂದು ದಪ್ಪ ನೋಟುಬುಕ್ಕಿನಲ್ಲಿ ಒಂದೊಂದು ಹತ್ಯಾರಕ್ಕೂ ಒಂದೊಂದು ಸಾಲು ಬರೆದೆ: ಗುರುತು, ಊರು, ನಾದ. ನಾದದ ಕೆಳಗೆ ‘ಟಣ್’, ‘ಠಣ್’, ‘ಟಪ್’ ಎಂದು. ಪರೀಕ್ಷೆಗೆ ಇಷ್ಟು ಬರೆದಿದ್ದರೆ ಇವತ್ತು ಎಲ್ಲೋ ಇರುತ್ತಿದ್ದೆ ಎಂದು ಅಪ್ಪ ಅನ್ನುತ್ತಿದ್ದರು. ಎಲ್ಲಿ ಎಂದು ಅವರಿಗೂ ಗೊತ್ತಿರಲಿಲ್ಲ.

ತಂದದ್ದನ್ನು ಇದ್ದ ಹಾಗೆ ಇಡುವ ಬುದ್ಧಿ ನನಗಿರಲಿಲ್ಲ. ಇಟ್ಟಂಗಿ ಪುಡಿ ಹಾಕಿ ತಿಕ್ಕಿ, ಕುಸುಬಿ ಎಣ್ಣೆ ಸವರಿ, ಮದುಮಗನ ಹಾಗೆ ಮಿಂಚಿಸಬೇಕು. ಹಳೆಯ ಕಾವುಗಳು ಬೆವರು ಕುಡಿದು ಕಪ್ಪಾಗಿ, ಸೀಳಿ, ಕೆಲವಕ್ಕೆ ಅರಿವೆ ಸುತ್ತಿ, ನೋಡಲಿಕ್ಕೆ ಅಸಹ್ಯವಾಗಿದ್ದವು. ಎಲ್ಲ ಬಡಿದು ತೆಗೆದೆ. ಬಡಿಗರ ಕಡೆಯಿಂದ ಜಾಲಿ ಮರದ ಹೊಸ ಕಾವು ಹಾಕಿಸಿ ಕೆಂಪು ವಾರ್ನಿಶ್ ಬಳಿದೆ. ಹಳೆಯವು ಹಂಡೆಯ ಒಲೆಗೆ. ಅವ್ವನಿಗೆ ಭಾಳ ಸಂತೋಷ. “ನೀ ತಂದಿದ್ರಾಗ ಮನಿಗಿ ಉಪಯೋಗ ಆಗಿದ್ದು ಇದೊಂದಽ ನೋಡು” ಎಂದಳು.

ಆ ವರ್ಷದ ದಸರೆಯ ಖಂಡೆ ಪೂಜೆಗೆ ಪಡಸಾಲೆಯಲ್ಲಿ ಹಲಗೆ ಜೋಡಿಸಿ ಎಲ್ಲವನ್ನೂ ಇಟ್ಟು ಕುಂಕುಮ ಹಚ್ಚಿದೆ. ಓಣಿಯ ಮಂದಿ ನೋಡಲು ಬಂದರು. ನಾನು ಒಂದೊಂದನ್ನೇ ಎತ್ತಿ ಊರು ಹೇಳಿ, ದನಿ ಮಾಡಿ, ಅದನ್ನು ಹಿಡಿದು ಕೆಲಸ ಮಾಡಿದವನ ಏದುಸಿರನ್ನೂ ಮಾಡಿದೆ. ಯಾವುದರ ಚರಿತ್ರೆ ಗೊತ್ತಿರಲಿಲ್ಲವೋ ಅದಕ್ಕೆ ಅಲ್ಲೇ ನಿಂತು ಚರಿತ್ರೆ ಹುಟ್ಟಿಸಿದೆ. “ಈ ಹಾರಿ ಕೋಟಿ ಕಟ್ಟಿದ ಕಾಲದ್ದು” ಎಂದರೆ ಯಾವ ಕೋಟೆ ಎಂದು ಒಬ್ಬರೂ ಕೇಳಲಿಲ್ಲ. ಲಾರಿ ಡ್ರೈವರುಗಳು ಸುದ್ದಿಯನ್ನು ಕಲ್ಲಿನ ಜೊತೆಗೇ ಹೊತ್ತೊಯ್ದರು: ಶಹಾಬಾದಿನಲ್ಲಿ ಒಬ್ಬನಿದ್ದಾನೆ, ಯಾವ ಹತ್ಯಾರ ಯಾರದೆಂದು ಮುಟ್ಟಿ ಹೇಳುತ್ತಾನೆ.

ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಒಬ್ಬಳು ಹೆಣ್ಣುಮಗಳು ನಮ್ಮ ಬಾಗಿಲಿಗೆ ಬಂದಳು. ಮೂವತ್ತರ ಮೇಲೆ ವಯಸ್ಸು. ಹಸಿರು ಬಳೆ, ಹಣೆಯ ಮೇಲೆ ಕಾಸಗಲ ಕುಂಕುಮ, ಕೈಯಲ್ಲೊಂದು ಅರಿವೆಯ ಚೀಲ. ಚಿಂಚೋಳಿ ತಾಲೂಕಿನ ಐನಾಪುರದಿಂದ ಮುಂಜಾನೆಯ ಬಸ್ಸು ಹತ್ತಿ, ಸೇಡಂನಲ್ಲಿ ರೈಲು ಹಿಡಿದು ಬಂದಿದ್ದಳು.

“ಹತ್ಯಾರ ಗುರ್ತ ಹಿಡಿಯಾಂವ ಇದಽ ಮನಿಯಾಂವ ಏನ್ರಿ ಯವ್ವಾ?” ಎಂದು ಅವ್ವನನ್ನು ಕೇಳಿದಳು.

“ಇದಽ ಮನಿಯಾಂವ ತಾಯಿ. ಹತ್ಯಾರ ಗುರ್ತ ಹಿಡಿತಾನ, ಪರೀಕ್ಷಾದಾಗಿನ ಪ್ರಶ್ನೀ ಅಷ್ಟ ಗುರ್ತ ಸಿಕ್ಕಿಲ್ಲ. ಒಳಗ ಬಾ, ಕುಂದ್ರು, ನೀರ ಕುಡಿ” ಎಂದಳು ಅವ್ವ.

ಅವಳು ನೀರು ಕುಡಿದು ನನ್ನ ಕಡೆ ತಿರುಗಿದಳು. “ನನ್ನ ಗಂಡಂದು ಒಂದು ಸುತಗಿ ಅದ ತಮ್ಮಾ. ನಿನ್ನ ಹತ್ರ ಬಂದದೇನು ನೋಡ್ಬೇಕಿತ್ತು.”

ಗಿರಾಕಿ ಸಿಕ್ಕಿತಲ್ಲ! ನಾನು ಹಲಗೆಯ ಎಡ ತುದಿಯಿಂದ ಶುರು ಮಾಡಿದೆ. ಅರ್ಧ ಚಂದ್ರ, ಸೇಡಂ, ಟಣ್ಣ್. ಎರಡು ಗೀಟು, ಚಿತ್ತಾಪುರ, ಠಣ್ಣ್. ಏದುಸಿರನ್ನೂ ಹಾಕಿದೆ. ಎಲ್ಲರೂ ನಗುವ ಜಾಗದಲ್ಲಿ ಅವಳು ನಗಲಿಲ್ಲ. ನನ್ನನ್ನು ದಾಟಿ ಕೆಳಗಿನ ಹಲಗೆಗೆ ಬಗ್ಗಿ ನಾಲ್ಕನೆಯ ಸುತ್ತಿಗೆ ಎತ್ತಿಕೊಂಡಳು. ಅದರ ಮುಖದ ಒಂದು ಮೂಲೆ ಮುಕ್ಕಾಗಿತ್ತು. ಹೆಬ್ಬೆರಳಿನಿಂದ ಆ ಮುಕ್ಕನ್ನು ಸವರಿದಳು.

“ಇದಽ.”

“ಅಕ್ಕಾ, ಮುಕ್ಕಾದ ಸುತಗಿ ಹತ್ತು ಇರ್ತಾವ. ಇದಽ ಅಂತ ಹ್ಯಾಂಗ ಹೇಳ್ತೀರಿ?” ಎಂದೆ, ಪರೀಕ್ಷಕನ ದನಿಯಲ್ಲಿ.

ಅವಳು ಸೀರೆಯ ಅಂಚನ್ನು ನಾಲ್ಕು ಬೆರಳು ಮೇಲೆತ್ತಿ ಮೊಣಕಾಲ ಕೆಳಗಿನ ಒಂದು ಕಲೆ ತೋರಿಸಿದಳು. “ಮುಕ್ಕಾದಾಗ ಆ ಚೂರು ಇಲ್ಲಿ ಹೊಕ್ಕಿತ್ತು. ಅಂವ ಕಲ್ಲು ಒಡಿತಿದ್ದ, ನಾ ಎದುರಿಗೆ ಬುಟ್ಟಿ ತುಂಬ್ತಿದ್ದೆ. ಅಂವನಽ ಹಲ್ಲಿಲೆ ಹಿಡದು ತಗದ.” ಕಲೆಯ ಆಕಾರ ಮೂರು ಮೂಲೆ. ಸುತ್ತಿಗೆಯ ಮುಕ್ಕೂ ಮೂರು ಮೂಲೆ. ನನ್ನ ನೋಟುಬುಕ್ಕಿನಲ್ಲಿ ಇಂಥ ಪುರಾವೆ ಒಂದೂ ಇರಲಿಲ್ಲ.

ಆಮೇಲೆ ಅವಳ ಕಣ್ಣು ಕೆಂಪು ವಾರ್ನಿಶ್ಶಿನ ಮೇಲೆ ಬಿತ್ತು. “ಇದರ ಕಾವು?”

“ಹೊಸಾದು ಹಾಕ್ಸೀನಕ್ಕಾ. ಖಾಸಾ ಜಾಲಿ. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಅಲ್ಲಾಡಂಗಿಲ್ಲ.”

“ಮೊದಲಿಂದು?”

“ಅದಾ? ಅದು ಹಂಡೇ ಒಲಿಗಿ” ಎಂದೆ. ನಗುತ್ತಲೇ ಅಂದೆ.

ಅವಳು ಸುತ್ತಿಗೆಯನ್ನು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕುಳಿತಳು. “ಇತ್ತೇನು?” ಎಂದು ಕೇಳಿದಳು. “ನೀ ತಂದಾಗ ಇದಕ್ಕ ಕಾವು ಇತ್ತೇನು?”

ಅವಳು ಯಾಕೆ ಅದನ್ನೇ ಕೇಳುತ್ತಿದ್ದಾಳೆ ಎಂದು ನನಗೆ ತಿಳಿಯಲಿಲ್ಲ. ನನ್ನ ಮುಖ ನೋಡಿ ಅವಳೇ ಹೇಳಿದಳು. ಗಟ್ಟಿಯಾಗಿ ಅಲ್ಲ, ಅಳುತ್ತಲೂ ಅಲ್ಲ. ಬಸ್ಸು ಎಷ್ಟೊತ್ತಿಗೆ ಬರುತ್ತದೆಂದು ಹೇಳುವ ಹಾಗೆ.

“ನಮ್ಮ ಖಣ್ಯಾಗ ಕಬ್ಬಣ ಧಣಿದು ತಮ್ಮಾ, ಕಾವು ಆಳಿಂದು. ಕೆಲಸಕ್ಕ ಸೇರಿದ ದಿನ ಮುಕಾದಮ ಬರೇ ಕಬ್ಬಣ ಕೈಗಿ ಕೊಡ್ತಾನ. ಕಾವು ನಾವಽ ಕಡಕೊಂಡು ಬಂದು, ನಮ್ಮ ಕೈಗಿ ಹೊಂದೂ ಹಂಗ ಕೆತ್ತಿ, ಕಾಯ್ದ ಮೊಳಿಲಿಂದ ಗುರ್ತ ಸುಟಗೋತೀವಿ. ಕೆಲಸ ಬಿಟ್ಟು ಹೋಗೂ ದಿನ ಕಬ್ಬಣ ಅಲ್ಲೇ ಒಗದು, ಕಾವು ಬಡದು ತಗೊಂಡು ಹೋಗ್ತೀವಿ. ಕಾವು ಬಿಟ್ಟು ಯಾರೂ ಹೋಗಂಗಿಲ್ಲ. ಮುಂದಿನ ಖಣ್ಯಾಗ ಅದಽ ಬೇಕಲ್ಲ. ಮುಕ್ಕಾದ ಸುತಗಿ ಮತ್ತೊಬ್ಬರು ಹಿಡಿಯಂಗೂ ಇಲ್ಲ.”

ಆ ಸುತ್ತಿಗೆ ಬಂದ ಗಣಿ ನಾನು ಕೂತು ಬರೆಯುತ್ತಿದ್ದ ಮೇಜಿನಿಂದ ಒಂದು ಮೈಲಿ. ಅಲ್ಲಿಂದ ಬಂದ ಕಲ್ಲನ್ನು ಎರಡು ವರ್ಷ ಅಳೆದಿದ್ದೆ. ಈ ಪದ್ಧತಿ ನನಗೆ ಗೊತ್ತಿರಲಿಲ್ಲ.

ಉಳಿದದ್ದನ್ನೂ ಹೇಳಿದಳು. ನಾಲ್ಕು ವರ್ಷದ ಹಿಂದೆ ಅವಳು ಹೆರಿಗೆಗೆಂದು ತವರಿಗೆ ಹೋಗಿದ್ದಳು. ಕೂಸಿಗೆ ಮೂರು ತಿಂಗಳಾದ ಮೇಲೆ ಗಣಿಗೆ ಬಂದರೆ ಗಂಡ ಇರಲಿಲ್ಲ. ಮಳೆಗಾಲದಲ್ಲಿ ಅವನು ಕೆಲಸ ಮಾಡುತ್ತಿದ್ದ ಗುಂಡಿಗೆ ಒಂದೇ ರಾತ್ರಿ ನೀರು ನುಗ್ಗಿತ್ತಂತೆ. ಮರುದಿನದಿಂದ ಅವನನ್ನು ಕಂಡವರಿಲ್ಲ. ಆಳುಗಳ ಮೇಸ್ತ್ರಿ ಮುಕಾದಮ “ಬಿಟ್ಟ ಹೋದ” ಎಂದ, ಹತ್ಯಾರದ ಶೆಡ್ಡಿನೊಳಗೆ ಅವಳನ್ನು ಬಿಡಲಿಲ್ಲ. ಒಬ್ಬ ಸೊಲ್ಲಾಪುರ ಎಂದ, ಒಬ್ಬ ಹೈದರಾಬಾದ್ ಎಂದ, ಒಬ್ಬ ಗುಂಡಿಯ ಕಡೆ ನೋಡಿದ. ಆ ಗುಂಡಿಯನ್ನು ಕಲ್ಲಿನ ಚೂರು ಸುರಿದು ಮುಚ್ಚಿದ್ದರು. ಈಗ ಮೈದುನ ಪಟ್ಟು ಹಿಡಿದಿದ್ದ: ಅಣ್ಣ ಇಲ್ಲ, ಬಳೆ ಒಡೆಸಿಕೋ, ಕುಂಕುಮ ಅಳಿಸು, ಹತ್ತು ಮಂದಿಗೆ ಊಟ ಹಾಕಿ ಮುಗಿಸೋಣ. ಅವಳು ಒಪ್ಪಿರಲಿಲ್ಲ. ಗಣಿ ನಿಂತು ಶೆಡ್ಡಿನ ಕಬ್ಬಿಣವೆಲ್ಲ ಮೋಡಕಾಕ್ಕೆ ಹೋಯಿತು, ಸುತ್ತಿಗೆಗಳು ಶಹಾಬಾದಿನ ಆ ಹತ್ಯಾರದವನ ಹತ್ತಿರ ಬಂದಿವೆ ಎಂದು ಲಾರಿಯವನೊಬ್ಬ ಹೇಳಿದ್ದ.

“ಕಾವು ಇರ್ಲಿಲ್ಲಂದ್ರ ಅಂವ ತನ್ನ ಕಾಲಿಲೆ ಹೋಗ್ಯಾನ. ಎಲ್ಯಾರ ಅದಾನ. ನನ್ನ ಬ್ಯಾಡಂತ ಹೋಗಿದ್ರೂ ಅಡ್ಡಿಯಿಲ್ಲ, ಅದಾನ. ಕಾವು ಇತ್ತಂದ್ರ ಅಂವ ಹೋಗಿಲ್ಲ” ಎಂದಳು. “ಅಷ್ಟ ಹೇಳು, ಇತ್ತೋ ಇಲ್ಲೋ.”

ನಾನು ನೋಟುಬುಕ್ಕು ತೆರೆದೆ. ಬೆರಳಿಟ್ಟು ಓದಿದೆ: ‘ಸುತ್ತಿಗೆ. ಕುರಕುಂಟಾ. ಮೂರು ಚುಕ್ಕೆ. ಒಂದು ಮೂಲೆ ಮುಕ್ಕು. ನಾದ ಟಣ್.’ ಅಷ್ಟೇ. ಮುಂದಿನ ಸಾಲು ಇನ್ನೊಂದು ಸುತ್ತಿಗೆಯದು. ಕಾವಿನ ಬಗ್ಗೆ ಒಂದು ಅಕ್ಷರ ಇಲ್ಲ. ಆ ಗಣಿಯ ರಾಶಿಯಿಂದ ಹದಿನಾಲ್ಕು ಸುತ್ತಿಗೆ ತಂದಿದ್ದೆ. ಕೆಲವಕ್ಕೆ ಕಾವಿತ್ತು, ಕೆಲವು ಬರಿಯ ಕಬ್ಬಿಣ. ಯಾವುದಕ್ಕೆ ಇತ್ತು? ಕಣ್ಣು ಮುಚ್ಚಿ ನೆನೆದೆ. ಕಪ್ಪು ಕಟ್ಟಿಗೆಗಳ ಒಂದು ಹೊರೆ ಕಂಡಿತೇ ಹೊರತು ಬಿಡಿಬಿಡಿಯಾಗಿ ಒಂದೂ ಕಾಣಲಿಲ್ಲ. ಒಮ್ಮೆ ಕೇಳಿದ ದನಿಯನ್ನು ಮರೆಯದವನು ನಾನು. ಕೈಯಾರೆ ಬಡಿದು ತೆಗೆದದ್ದು ನೆನಪಿರಲಿಲ್ಲ.

ಅವಳು ಅವ್ವನ ಕಡೆ ತಿರುಗಿದಳು. “ಯವ್ವಾ, ನೀವು ಒಲಿಗಿ ಹಾಕಾಗ ಯಾವ್ದರ ಕಟಗಿ ಮ್ಯಾಲ ಗುರ್ತ ನೋಡೀರೇನ್ರಿ? ಎರಡು ಗೆರಿ, ನಡುವ ಒಂದು ಚುಕ್ಕಿ?”

ಅವ್ವನಿಗೆ ಆಗಲೇ ಕಣ್ಣಲ್ಲಿ ನೀರು. “ಕಟಗಿ ಮಾರಿ ಯಾರ ನೋಡ್ತಾರ ತಾಯಿ. ಉರಿ ನೋಡ್ತೀವಿ.”

“ಬೂದಿ?”

ಇಬ್ಬರೂ ಬಚ್ಚಲಿಗೆ ಹೋದರು. ಅವಳು ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಬೂದಿಯಲ್ಲಿ ಕೈಯಾಡಿಸಿದಳು. ತುದಿ ಉಳಿದಿದ್ದರೆ, ಅರ್ಧ ಗೆರೆಯಾದರೂ ಉಳಿದಿದ್ದರೆ ಎಂದು. ಹಳೆಯ ಬೂದಿಯಿಂದ ಅವ್ವ ಎಂದೋ ಪಾತ್ರೆ ಬೆಳಗಿ ಮುಗಿಸಿದ್ದಳು. ಸಿಕ್ಕಿದ್ದು ಒಂದು ತೊಗರಿ ಕಟ್ಟಿಗೆಯ ಚೂರು. ಅದನ್ನೂ ಅವಳು ಬೆಳಕಿಗೆ ಹಿಡಿದು ನೋಡಿದಳು.

“ವಾಡಿಗಿ ಹೋಗೂಣು, ಮೋಡಕಾ ಚಾಚಾಗ ನೆಪ್ಪಿರತದ” ಎಂದೆ. ಸುಮ್ಮನೆ ಕೂರಲು ಆಗಲಿಲ್ಲ, ಅದಕ್ಕೇ ಅಂದದ್ದು. ಅವ್ವ ಅವಳಿಗೆ ಎರಡು ರೊಟ್ಟಿ, ಪುಂಡಿ ಪಲ್ಯ ತಿನ್ನಿಸಿ, ಎರಡು ಕಟ್ಟಿಕೊಟ್ಟಳು. ಕಳಿಸುವಾಗ ಅರಿಶಿನ ಕುಂಕುಮದ ಬಟ್ಟಲು ಕೈಗೆತ್ತಿಕೊಂಡವಳು ಹಚ್ಚಬೇಕೋ ಬಿಡಬೇಕೋ ತಿಳಿಯದೆ ನಿಂತಳು. ಬಂದವಳೇ ಹಣೆ ಮುಂದೆ ತಂದಳು.

ರೈಲಿನಲ್ಲಿ ಅವಳು ಕಿಟಕಿಯ ಹತ್ತಿರ, ನಾನು ಎದುರಿಗೆ, ಸುತ್ತಿಗೆ ನನ್ನ ಚೀಲದಲ್ಲಿ. ನಾನು ಇಷ್ಟು ಹೊತ್ತು ಬಾಯಿ ಮುಚ್ಚಿ ಕೂತದ್ದು ನಿದ್ದೆಯಲ್ಲಿ ಬಿಟ್ಟರೆ ಅದೇ ಮೊದಲು.

ಚಾಚಾ ಸುತ್ತಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದ. ವಿಷಯ ಪೂರಾ ಕೇಳಿ ಬೀಡಿ ಆರಿಸಿದ. “ಬೇಟಾ, ಆ ಖಣಿ ಮಾಲು ಮೂರು ಗೋಣಿ ಬಂತು. ಅರ್ಧಾಕ್ಕ ಕಾವು ಇತ್ತು, ಅರ್ಧಾ ಬೋಳು. ನಾ ತೂಗಾಂವ. ತಕಡಿಗಿ ಹಾಕಾಂವ, ಇಳಸಾಂವ. ಯಾವ್ದಕ್ಕ ಇತ್ತು ಯಾವ್ದಕ್ಕ ಇಲ್ಲ, ಖುದಾನಽ ಬಲ್ಲ.”

“ಮುಕಾದಮನ್ನ ಕೇಳಿದ್ರ?” ಎಂದೆ.

“ಅಂವ ಎಲ್ಲಿದ್ದಾನ? ಮಾಲು ಒಗದು ತನ್ನ ದೇಶಕ್ಕ ಹೋದ. ಯಾವ ದೇಶಂತ ಕೇಳಬ್ಯಾಡ, ನನಗ ಹೇಳಿಲ್ಲ.” ಆಮೇಲೆ ಅವಳ ಕಡೆ ನೋಡಿ ದನಿ ತಗ್ಗಿಸಿದ. “ಬೆಹೆನ್, ನನಗ ಗೊತ್ತಿದ್ರ ಹೇಳ್ತಿದ್ದೆ. ಮುಚ್ಚಿಡಾಂವ ಅಲ್ಲ.”

“ನೀವೇನ ಮಾಡ್ತೀರಿ ಅಣ್ಣಾ” ಎಂದಳು ಅವಳು.

ಇಲ್ಲಿ ನನ್ನ ಇನ್ನೊಂದು ನಾಚಿಕೆಗೇಡನ್ನೂ ಸೇರಿಸಿಬಿಡುತ್ತೇನೆ. ಇದಾದ ಮೂರು ನಾಲ್ಕು ತಿಂಗಳಿಗೆ ಹೋಟೆಲಿನಲ್ಲಿ ಯಾರೋ “ಹೊಸಾದೊಂದು ತಗಿಯೋ” ಎಂದಾಗ ನಾನು ಅವಳ ದನಿಯನ್ನೂ ಮಾಡಿದೆ. ಕುಕ್ಕರುಗಾಲಲ್ಲಿ ಕೂತು ಬೂದಿ ಕೆದಕಿ, ‘ಎರಡು ಗೆರಿ, ನಡುವ ಒಂದು ಚುಕ್ಕಿ’ ಎಂದೆ. ಥೇಟ್ ಅವಳ ದನಿಯೇ ಬಂತು. ಮಂದಿ ನಕ್ಕರು. ಚಹಾನೂ ಬಂತು, ಕುಡಿದೆ. ಹೀಗಾಗಬಾರದಿತ್ತು ಎಂದು ನಿಮಗೆ ಅನ್ನಿಸಿದರೆ ನಿಮ್ಮ ಮಾತು ಸರಿ, ಆದರೆ ಹಾಗಾಯಿತು. ಹತ್ಯಾರಗಳನ್ನು ಮುಂದೆ ಚಾಚಾನಿಗೇ ತೂಕಕ್ಕೆ ಹಾಕಿದೆ. ನೋಟುಬುಕ್ಕನ್ನು ಯಾರಿಗೂ ಕೊಡಲಾಗಲಿಲ್ಲ. ಕೊಟ್ಟರೂ ತೆಗೆದುಕೊಳ್ಳುವವರಿರಲಿಲ್ಲ.

ಆ ದಿನ ವಾಡಿಯ ಪ್ಲಾಟ್‌ಫಾರಮ್ಮಿನ ಕೊನೆಯಲ್ಲಿ ಸೇಡಂ ಕಡೆಯ ಗಾಡಿಗೆ ಕಾದು ಕೂತೆವು. ಫರ್ಸಿ ಹಾಸಿದ ನೆಲ ಬಿಸಿಲಿಗೆ ಕಾದಿತ್ತು. ಅವಳು ರೊಟ್ಟಿಯ ಗಂಟು ಬಿಚ್ಚಿ ಒಂದನ್ನು ನನಗೆ ಕೊಟ್ಟಳು. ತಿಂದೆ. ಸುತ್ತಿಗೆಯನ್ನು ಅವಳ ಚೀಲಕ್ಕೆ ಹಾಕಹೋದೆ. ಅವಳು ಕೈ ಅಡ್ಡ ಹಿಡಿದಳು.

“ಬ್ಯಾಡ. ಒಯ್ದು ಎಲ್ಲಿ ಇಡ್ಲಿ? ಮೈದುನ ಕಂಡ್ರ, ಸುತಗಿ ಬಂತು ಅಂವ ಬರ್ಲಿಲ್ಲ, ಮುಗೀತಂತಾನ.”

ಆಗ ನನಗೆ ಒಂದು ಬುದ್ಧಿ ಹೊಳೆಯಿತು. ಹೊಳೆಯಬಾರದಿತ್ತು. ದೂರದಲ್ಲಿ ಗಾಡಿಯ ಹೊಗೆ ಕಾಣುತ್ತಿತ್ತು, ಅದು ಬರುವುದರೊಳಗೆ ಏನಾದರೂ ಮಾಡಬೇಕೆಂಬ ಗಡಿಬಿಡಿ.

“ಅಕ್ಕಾ, ನಾ ನಿಮ್ಮ ಊರಿಗಿ ಬರ್ತೀನಿ” ಎಂದೆ. “ನಿಮ್ಮ ಮೈದುನನ ಮುಂದ, ಹಿರ್ಯಾರ ಮುಂದ ನಿಂತು ಹೇಳ್ತೀನಿ, ನಾ ತಂದಾಗ ಇದಕ್ಕ ಕಾವು ಇರ್ಲಿಲ್ಲಂತ. ಆಣಿ ಮಾಡಿ ಹೇಳ್ತೀನಿ. ನನಗ ಇದು ಕಷ್ಟ ಅಲ್ಲಕ್ಕಾ, ಎಂಥಾದ್ದೂ ಹೇಳಿ ನಂಬಸ್ತೀನಿ. ಯಾರೂ ನಿಮ್ಮ ಹಸರ ಬಳಿಗಿ ಕೈ ಹಚ್ಚಂಗಿಲ್ಲ. ಮಂದಿ ನಂಬ್ತಾರ.”

ಗಾಡಿ ಬಂದು ನಿಂತಿತು. ಅವಳು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಕಂಬಿ ಹಿಡಿದು, ನನ್ನ ಕಡೆ ತಿರುಗಿದಳು.

“ಮಂದಿ ನಂಬ್ತಾರ ತಮ್ಮಾ. ನಾ ಮಂದಿ ಸಲುವಾಗಿ ಬಂದಿದ್ದಿಲ್ಲ.”